‘ಇಲ್ಲ’ ಎಂದು ಬರೆದದ್ದು

ಹೋದ ತಿಂಗಳು ಕ್ಯಾಂಪಸ್ಸಿನಿಂದ ಇಬ್ಬರು ಹೊಸಬರು ಮೊಳಕಾಲ್ಮೂರಿನ ನಮ್ಮ ಮನೆಗೆ ಬಂದಿದ್ದರು. ನಾನು ಬಿಟ್ಟು ಬಂದ ಕೆಲಸಕ್ಕೆ ಸೇರಿದವರು. ಕಾಫಿ ಕುಡಿದು, ಒಂದು ನೋಟುಬುಕ್ಕು ಮುಂದಿಟ್ಟು, “ಸಾರ್, ಮೌಂಟ್ ತಪ್ಪಿದಾಗ ನೀವು ಏನೇನ್ ಕಮಾಂಡ್ ಕೊಡ್ತಿದ್ರಿ, ಅದನ್ನೆಲ್ಲ ಬರ್ಕೊಡಿ” ಎಂದರು. ಕಮಾಂಡುಗಳು ಎಲ್ಲ ಪುಸ್ತಕದಲ್ಲೂ ಇವೆ, ಅದಕ್ಕೆ ಇಷ್ಟು ದೂರ ಬಸ್ಸು ಹತ್ತಿ ಬರಬೇಕಿತ್ತೇ ಎಂದು ಗದರಿದೆ. ಗದರುವುದು ನನ್ನ ಹುಟ್ಟುಗುಣ. ಪಾಪ, ಇಬ್ಬರೂ ತಲೆ ತಗ್ಗಿಸಿ ಹೋದರು. ನೋಟುಬುಕ್ಕು ಇಲ್ಲೇ ಉಳಿಯಿತು. ಅದರಲ್ಲೇ ಈಗ ಬರೆಯುತ್ತಿದ್ದೇನೆ. ಪುಸ್ತಕದಲ್ಲಿ ಸಿಗದ್ದನ್ನು ಬರೆಯುತ್ತೇನೆ, ಅದರಲ್ಲಿ ಹೆಚ್ಚಿನದು ನನ್ನ ತಪ್ಪುಗಳೇ.

ಈ ಕೆಲಸ ಏನೆಂದು ಗೊತ್ತಿಲ್ಲದವರಿಗೂ ತಿಳಿಯಲಿ ಎಂದು ಎರಡು ಮಾತು. ಕುದಾಪುರದ ಕಡೆಯ ಒಂದು ಸಂಶೋಧನಾ ಕ್ಯಾಂಪಸ್ಸಿನಲ್ಲಿ ಒಂದು ಕೋಣೆ ತುಂಬ ಸರ್ವರುಗಳಿದ್ದವು. ಅವೆಲ್ಲ ಕೂಡಿ ಒಂದೇ ಲೆಕ್ಕವನ್ನು ಹಂಚಿಕೊಂಡು ಮಾಡುತ್ತವೆ, ಅದಕ್ಕೆ ಕ್ಲಸ್ಟರ್ ಎಂದು ಹೆಸರು. ಕಡತಗಳನ್ನು ಇಡಲು ಬೇರೆಯದೇ ಒಂದು ದೊಡ್ಡ ಸ್ಟೋರೇಜು. ಪ್ರತಿಯೊಂದು ಸರ್ವರಿನಲ್ಲೂ ‘ಡೇಟಾ’ ಎಂಬ ಖಾಲಿ ಫೋಲ್ಡರು ಇರುತ್ತದೆ. ಆ ಫೋಲ್ಡರಿನ ಮೇಲೆ ಸ್ಟೋರೇಜನ್ನು ತಂದು ಕೂರಿಸುವುದೇ ಮೌಂಟ್. ಕೂರಿಸಿದ ಮೇಲೆ ಯಾವ ಸರ್ವರಿನಿಂದ ನೋಡಿದರೂ ಅವೇ ಕಡತಗಳು ಕಾಣುತ್ತವೆ. ಅದು ತಪ್ಪದಂತೆ ನೋಡಿಕೊಳ್ಳುವುದು, ತಪ್ಪಿದರೆ ಸರಿಮಾಡುವುದು ನನ್ನ ಕೆಲಸ.

ನಮ್ಮದು ನೇಕಾರರ ಮನೆ. ನಡುಮನೆಯಲ್ಲೇ ಗುಂಡಿ ಮಗ್ಗ, ಅವ್ವ ಗುಂಡಿಯೊಳಕ್ಕೆ ಕಾಲು ಇಳಿಬಿಟ್ಟು ರೇಷ್ಮೆ ಸೀರೆ ನೇಯುತ್ತಿದ್ದಳು. ನೆಂಟರು ಬಂದು ಮಲಗಲು ಜಾಗ ಸಾಲದಾದರೆ ಗುಂಡಿಯ ಮೇಲೆ ಹಲಗೆ ಇಟ್ಟು ಚಾಪೆ ಹಾಸುತ್ತಿದ್ದೆವು. ಒಂದು ಸಲ ಹೀಗೆ ಹಾಸಿದ ಮೇಲೆ ಅವ್ವನ ಲಾಳಿ ಕಾಣದಾಯಿತು. ಮನೆಯೆಲ್ಲ ಜಾಲಾಡಿ, ನೆಂಟರ ಮಕ್ಕಳನ್ನು ಬೈದು ಅಳಿಸಿ, ಕೊನೆಗೆ ಚಾಪೆ ಎತ್ತಿ ನೋಡಿದರೆ ಲಾಳಿ ಗುಂಡಿಯಲ್ಲೇ ಬಿದ್ದಿತ್ತು. ಮೌಂಟ್ ಎಂದರೆ ಆ ಚಾಪೆ. ಚಾಪೆ ಹಾಸುವ ಮೊದಲು ಗುಂಡಿಗೆ ಬಿದ್ದದ್ದು ಹಾಸಿದ ಮೇಲೆ ಕಾಣುವುದಿಲ್ಲ, ಆದರೆ ಅಲ್ಲೇ ಇರುತ್ತದೆ. ಇಷ್ಟು ಚೆನ್ನಾಗಿ ಗೊತ್ತಿದ್ದವನೇ ನಾನು ಎಡವಿದ್ದು.

ಶುರುವಿನ ದಿನಗಳ ಒಂದು ಸಂಗತಿ ಹೇಳಿ ಮುಂದೆ ಹೋಗುತ್ತೇನೆ. ಒಂದು ಮಧ್ಯಾಹ್ನ ಇಡೀ ಕ್ಲಸ್ಟರ್ ನಿಂತೇಬಿಟ್ಟಿತು. ಯಾವ ಸರ್ವರಿಗೂ ಉತ್ತರವಿಲ್ಲ. ಕಡತ ತೋರಿಸು ಎಂದರೆ ಪರದೆ ಸುಮ್ಮನೆ ನಿಂತುಕೊಳ್ಳುತ್ತದೆ. ನಾನು ಒಂದಾದ ಮೇಲೆ ಒಂದರಂತೆ ಎಲ್ಲವನ್ನೂ ಆರಿಸಿ ಹೊತ್ತಿಸಿದೆ. ಎಲ್ಲ ಎದ್ದವು, ನಾನೂ ಬೀಗಿದೆ. ಒಬ್ಬ ವಿಜ್ಞಾನಿಯ ಮೂರು ವಾರದ ಲೆಕ್ಕ ಆ ಹೊತ್ತಿಗೆ ಇನ್ನೇನು ಮುಗಿಯುವುದರಲ್ಲಿತ್ತು, ಅದು ಮಣ್ಣುಪಾಲಾಯಿತು. ಆಮೇಲೆ ನೋಡಿದರೆ ಸ್ಟೋರೇಜಿಗೆ ಹೋಗುವ ಒಂದು ತಂತಿ ಸಡಿಲವಾಗಿತ್ತು ಅಷ್ಟೆ. ಅದನ್ನು ಬಿಗಿಮಾಡಿ ಕಾದಿದ್ದರೆ ಸರ್ವರುಗಳು ನಿಂತಲ್ಲಿಂದಲೇ ಕೆಲಸ ಮುಂದುವರಿಸುತ್ತಿದ್ದವು. ಮೌಂಟನ್ನು ನಾವೇ ಹಾಗೆ ಕಾಯುವಂತೆ ಹೊಂದಿಸಿದ್ದೆವು.

ನನ್ನ ಮೇಲಧಿಕಾರಿ ರಾಘವಯ್ಯನವರು. ರಾಯದುರ್ಗದ ಕಡೆಯವರು, ಕನ್ನಡದ ನಡುವೆ ತೆಲುಗು ಹರಿಯುತ್ತಿತ್ತು. ಅಂದು ಅವರು ಬೈಯಲಿಲ್ಲ. “ತೊಂದರಪಡಕು ಅಂತ ಎಷ್ಟು ಸಲ ಹೇಳ್ಬೇಕಯ್ಯಾ ತಿಪ್ಪೇಸ್ವಾಮಿ” ಎಂದರು. ತೆಲುಗಿನಲ್ಲಿ ತೊಂದರ ಎಂದರೆ ಅವಸರ, ತೊಂದರಪಡಕು ಎಂದರೆ ಅವಸರ ಪಡಬೇಡ. ಗಡಿಯವರಾದ ನಮಗೆ ಎರಡೂ ಭಾಷೆ ಬರುವುದರಿಂದ ಅವಸರಕ್ಕೂ ತೊಂದರೆಗೂ ಅಂಥ ವ್ಯತ್ಯಾಸವೇನೂ ಕಾಣುವುದಿಲ್ಲ. ಹೊಸಬರೇ, ಇದೊಂದು ಮಾತನ್ನು ಗೋಡೆಗೆ ಅಂಟಿಸಿಕೊಳ್ಳಿ.

ಇನ್ನು ನನ್ನ ದೊಡ್ಡ ತಪ್ಪು. ಮಾಡಿದಾಗ ಅದು ಉಪಕಾರದಂತೆ ಇತ್ತು.

ಕರೆಂಟು ಹೋಗಿ ಬಂದಾಗಲೆಲ್ಲ ಸರ್ವರುಗಳು ಬೇಗ ಎದ್ದು, ಸ್ಟೋರೇಜು ಅರ್ಧ ಗಂಟೆ ತಡವಾಗಿ ಏಳುತ್ತಿತ್ತು. ಅಷ್ಟರಲ್ಲಿ ಯಾರಾದರೂ ‘ಡೇಟಾ’ ಫೋಲ್ಡರಿಗೆ ಕಡತ ಹಾಕಲು ಹೋದರೆ ‘ಅನುಮತಿ ಇಲ್ಲ’ ಎಂದು ಬರುತ್ತಿತ್ತು. ಕೂಡಲೇ ನನಗೆ ಫೋನು. “ಏನ್ರೀ ತಿಪ್ಪೇಸ್ವಾಮಿ, ನಮ್ಮ ಫೋಲ್ಡರಿಗೆ ನಮಗೇ ಬೀಗನಾ?” ದಿನಕ್ಕೆ ಹತ್ತು ಸಲ ಇದನ್ನೇ ಕೇಳಿ ತಲೆ ಕೆಟ್ಟು, ಆ ಖಾಲಿ ಫೋಲ್ಡರಿಗೆ ಯಾರು ಬೇಕಾದರೂ ಬರೆಯಬಹುದು ಎಂದು ಎಲ್ಲ ಸರ್ವರುಗಳಲ್ಲೂ ಅನುಮತಿ ತೆರೆದಿಟ್ಟೆ. ದೂರು ನಿಂತಿತು. ಜನ ಹೊಗಳಿದರು. ಆ ‘ಅನುಮತಿ ಇಲ್ಲ’ ಎಂಬ ಮಾತೇ ಅವರನ್ನು ಕಾಯುತ್ತಿತ್ತು ಎಂದು ನನಗೆ ಹೊಳೆಯಲಿಲ್ಲ. ಹಲಗೆಯನ್ನು ತೆಗೆದು ಗುಂಡಿಯ ಬಾಯಿ ತೆರೆದಿಟ್ಟವನು ನಾನೇ.

ಆ ಹೊತ್ತಿಗೆ ಮಂಜುಳಾ ಎಂಬ ಸಂಶೋಧನಾ ವಿದ್ಯಾರ್ಥಿನಿ ಕ್ಲಸ್ಟರ್ ಬಳಸಲು ಬಂದಳು. ಊರ ದನಗಳು ಮೇಯುವ ಕಾವಲಿನ ಅಂಚಿನ ಹಳ್ಳಿಯವಳು, ದನ ಕಾಯುವವರ ಮನೆ. ವರವು ಕಾವಲಿನ ಹುಲ್ಲುಗಾವಲಿಗೆ ಕ್ಯಾಂಪಸ್ಸುಗಳ ಬೇಲಿ ಬಿದ್ದ ಮೇಲೆ ಒಳಗಿನ ಜಾಗಗಳ ಹೆಸರುಗಳು ಹಳಬರ ಬಾಯಲ್ಲಿ ಮಾತ್ರ ಉಳಿದಿದ್ದವು. ಯಾವ ದಿಬ್ಬದಲ್ಲಿ ಯಾವ ಹುಲ್ಲು, ಯಾವ ಹಳ್ಳದಲ್ಲಿ ಬೇಸಿಗೆಯಲ್ಲೂ ನೀರು, ಎಲ್ಲವಕ್ಕೂ ಒಂದೊಂದು ಹೆಸರು. ಅವನ್ನು ಹಳಬರಿಂದ ಹೇಳಿಸಿ ಧ್ವನಿಮುದ್ರಿಸಿಕೊಂಡು, ಉಪಗ್ರಹದ ಚಿತ್ರಗಳ ಜೊತೆ ಹೊಂದಿಸಿ ನಕ್ಷೆ ಮಾಡುವುದು ಅವಳ ವಿಷಯ. ಹೆಸರು ಹೇಳುವವರಲ್ಲಿ ಎಲ್ಲರಿಗಿಂತ ತಿಳಿದವರು ಅವಳ ಅಪ್ಪ ಬೋರಣ್ಣ. ನಲವತ್ತು ಮುದ್ರಣಗಳಲ್ಲಿ ಬಹುಪಾಲು ಅವರವೇ.

ಬೋರಣ್ಣನವರನ್ನು ನಾನು ಒಮ್ಮೆ ಕಂಡಿದ್ದೆ. ಕ್ಯಾಂಪಸ್ಸಿನ ಗೇಟಿನಾಚೆ ಟೀ ಅಂಗಡಿಯ ಕಲ್ಲಿನ ಮೇಲೆ ಕಂಬಳಿ ಹೆಗಲಿಗೆ ಹಾಕಿ ಕೂತಿದ್ದರು. ಮಗಳು ಪರಿಚಯಿಸಿದಳು: “ಅಪ್ಪಾ, ಇವ್ರೇ ತಿಪ್ಪೇಸ್ವಾಮಿ ಸಾರ್. ನಮ್ಮ ಫೈಲ್ ಎಲ್ಲ ಇವ್ರ ಕೈಯಾಗೇ ಇರ್ತಾವೆ.” ಬೋರಣ್ಣ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಅಂಗಾರೆ ನೀವೂ ಕಾಯೋರೇ ಅನ್ನಿ. ಎಷ್ಟು ಸ್ವಾಮಿ, ನಿಮ್ಮ ಮಂದೆ?” ಎಂದರು. ಲಕ್ಷಗಟ್ಟಲೆ ಕಡತ ಎಂದೆ. “ತಪ್ಪಿಸ್ಕೊಂಡ್ರೆ?”

“ಹುಡುಕ್ತೀವಿ. ಸಿಗ್ಲಿಲ್ಲ ಅಂದ್ರೆ ಇಲ್ಲ ಅಂತ ಬರೀತೀವಿ.”

ಬೋರಣ್ಣ ತಲೆ ಅಲ್ಲಾಡಿಸಿದರು. “ಇಲ್ಲ ಅನ್ಬಾರ್ದು ಸ್ವಾಮಿ. ದನ ತಪ್ಪಿಸ್ಕೊಂಡ್ರೆ ನಾವು ಯಾವತ್ತೂ ಇಲ್ಲ ಅನ್ನಾಕಿಲ್ಲ. ಕಾಣ್ತಿಲ್ಲ ಅಂತೀವಿ. ಇಲ್ಲ ಅಂದುಬಿಟ್ರೆ ಹುಡುಕೋ ಕಾಲು ನಿಂತೋಗ್ತಾವೆ.” ನಾನು ನಕ್ಕು, ಅವರ ಟೀಗೂ ಹೇಳಿ, ಒಳಗೆ ಬಂದೆ. ಆ ಮಾತನ್ನು ತಮಾಷೆಯ ಮಾತೆಂದು ನಮ್ಮವರಿಗೆಲ್ಲ ಹೇಳಿಯೂ ಹೇಳಿದೆ.

ಮುಂದೆ ಕೆಲವೇ ವಾರಗಳಿಗೆ ಬೋರಣ್ಣನಿಗೆ ಲಕ್ವ ಹೊಡೆಯಿತು. ಜೀವ ಉಳಿಯಿತು, ಮಾತು ಬಿದ್ದುಹೋಯಿತು.

ಮಂಜುಳಾ ಎಲ್ಲ ಮುದ್ರಣಗಳನ್ನು ಕ್ಲಸ್ಟರಿಗೆ ಹಾಕಿದ್ದು ಅಪ್ಪನನ್ನು ಆಸ್ಪತ್ರೆಯಿಂದ ಮನೆಗೆ ತಂದ ಮೇಲೆ. ಆ ದಿನ ಬೆಳಗ್ಗೆ ಕರೆಂಟು ಹೋಗಿ ಬಂದಿತ್ತು. ನಾನು ಎಂದಿನಂತೆ ಚಳ್ಳಕೆರೆಯಲ್ಲಿ ಬಸ್ಸು ಬದಲಿಸಿ ಕ್ಯಾಂಪಸ್ಸು ತಲುಪಿದಾಗ ಹತ್ತು ಗಂಟೆ. ನೋಡಿದರೆ ಎರಡೂ ಲಾಗಿನ್ ಸರ್ವರುಗಳಲ್ಲಿ ಮೌಂಟ್ ಆಗಿರಲಿಲ್ಲ. ಲಾಗಿನ್ ಸರ್ವರು ಎಂದರೆ ಬಳಸುವವರು ಒಳಗೆ ಬರುವ ಬಾಗಿಲು, ಅಂಥವು ಎರಡಿದ್ದವು, ಬಂದವರನ್ನು ಸರದಿಯಂತೆ ಯಾವುದಾದರೂ ಒಂದಕ್ಕೆ ಕಳಿಸುವ ಏರ್ಪಾಡಿತ್ತು. ಎರಡಕ್ಕೂ ಕಮಾಂಡು ಕೊಟ್ಟು ಮೌಂಟ್ ಮಾಡಿ, ರಿಜಿಸ್ಟರಿನಲ್ಲಿ ‘ಸರಿಯಾಯಿತು’ ಎಂದು ಬರೆದು ಟೀಗೆ ಹೋದೆ.

ಮರುದಿನ ಮಂಜುಳಾ ಬಂದು ನಿಂತಳು.

“ಸಾರ್, ನಿನ್ನೆ ಹಾಕಿದ್ದು ಒಂದೂ ಇಲ್ಲ ಸಾರ್. ಫೋಲ್ಡರೇ ಇಲ್ಲ.”

“ಎಲ್ಲಿ ಹಾಕಿದ್ದೆ?”

“ಡೇಟಾದಾಗೇ. ಕಾಪಿ ಆಯ್ತು ಅಂತ ಬಂತು ಸಾರ್. ಎಣಿಸಿ ನೋಡಿದ್ದೆ. ನಲವತ್ತೂ ಇದ್ವು.”

“ರೆಕಾರ್ಡರಿನಾಗೆ ಇರ್ತಾವಲ್ಲ.”

“ಅದು ಡಿಪಾರ್ಟ್‌ಮೆಂಟಿಂದು ಸಾರ್. ಖಾಲಿ ಮಾಡಿ ವಾಪಸ್ ಕೊಟ್ಟೆ.”

ನಾನು ಸ್ಟೋರೇಜಿನಲ್ಲಿ ಹುಡುಕಿದೆ. ಹಿಂದಿನ ದಿನದ ಬ್ಯಾಕಪ್ಪಿನಲ್ಲೂ ಹುಡುಕಿದೆ. ಅವಳ ಹೆಸರಿನ ಒಂದು ಕಡತವೂ ಅಲ್ಲಿಗೆ ಬಂದ ಗುರುತಿರಲಿಲ್ಲ. ಕಾಪಿ ಮಾಡಿದ ಹೊತ್ತು ಯಾವುದೆಂದು ನಾನು ಕೇಳಲಿಲ್ಲ. ಕೇಳಿದ್ದರೆ ಒಂಬತ್ತೂವರೆ ಎನ್ನುತ್ತಿದ್ದಳು, ನನ್ನದೇ ರಿಜಿಸ್ಟರಿನಲ್ಲಿ ಹತ್ತು ಗಂಟೆಗೆ ಮೌಂಟ್ ಮಾಡಿದ್ದು ಬರೆದಿತ್ತು, ಎರಡನ್ನೂ ಕೂಡಿಸುವುದು ಎರಡು ನಿಮಿಷದ ಕೆಲಸ. ಬದಲಿಗೆ, “ನೀನೇ ಎಲ್ಲೋ ಅಳಿಸಿರ್ತೀಯಮ್ಮ. ಹೊಸಬರು ಇಂಥದ್ದು ಮಾಡೋದು ಹೊಸದಲ್ಲ” ಎಂದೆ.

“ಇಲ್ಲ ಸಾರ್. ನಾನು ಅಳಿಸಿಲ್ಲ. ಇನ್ನೊಂದ್ಸಲ ನೋಡ್ತೀರಾ ಸಾರ್? ನಮ್ಮಪ್ಪ ಈಗ ಮಾತಾಡಲ್ಲ.”

ಆ ಕೊನೆಯ ಮಾತು ಈಗಲೂ ಕಿವಿಯಲ್ಲಿದೆ. ಆವತ್ತು ಅದು ನನಗೆ ವಿಷಯ ಬಿಟ್ಟು ಆಡಿದ ಮಾತಿನಂತೆ ಕೇಳಿಸಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಮನಸ್ಸಿನಲ್ಲೇ ಗೊಣಗಿಕೊಂಡೆ. ರಿಜಿಸ್ಟರಿನಲ್ಲಿ ಬರೆದೆ: ‘ಕಡತಗಳು ಇಲ್ಲ. ಬಳಕೆದಾರರೇ ಅಳಿಸಿರಬಹುದು.’ ರಾಘವಯ್ಯನವರು ಕೆಳಗೆ ಸಹಿ ಮಾಡಿದರು. ಅದರ ಒಂದು ಪ್ರತಿ ಅವಳ ಮಾರ್ಗದರ್ಶಕರಿಗೆ ಹೋಯಿತು. ಹಾಳೆಯ ಮೇಲೆ ನನ್ನ ಅಕ್ಷರ ಇದ್ದುದರಿಂದ ಯಾರೂ ಮತ್ತೆ ಕೇಳಲಿಲ್ಲ. ಅವಳು ವಿಷಯ ಬದಲಿಸಬೇಕಾಯಿತು. ಬೇಲಿಯ ಒಳಗಿನ ಹೆಸರುಗಳ ಕೆಲಸ ಅಲ್ಲಿಗೆ ನಿಂತಿತು.

ಎರಡು ತಿಂಗಳು ಕಳೆದಿರಬೇಕು. ಒಂದನೆಯ ಲಾಗಿನ್ ಸರ್ವರಿನ ಸ್ವಂತ ಡಿಸ್ಕು ತುಂಬಿದೆ ಎಂದು ಎಚ್ಚರಿಕೆ ಬಂತು. ವಿಚಿತ್ರವೆಂದರೆ, ಒಳಗಿರುವ ಎಲ್ಲ ಫೋಲ್ಡರುಗಳನ್ನು ಕೂಡಿದರೂ ಅರ್ಧ ಡಿಸ್ಕು ತುಂಬುವುದಿಲ್ಲ. ಉಳಿದರ್ಧವನ್ನು ಏನೋ ತಿಂದಿದೆ, ಅದು ಯಾವ ಫೋಲ್ಡರಿನಲ್ಲೂ ಕಾಣುವುದಿಲ್ಲ. ಈ ಕೆಲಸಕ್ಕೆ ಬಂದವರೇ, ಇಂಥ ದಿನ ನಿಮಗೂ ಬಂದೇ ಬರುತ್ತದೆ. ಆ ದಿನ ಮೌಂಟ್ ತೆಗೆದು ಅದರ ಅಡಿ ನೋಡಿ. ನಾನು ನೋಡಲಿಲ್ಲ. ಬಳಸುವವರೆಲ್ಲ ಕಾಯುತ್ತಿದ್ದರು, ರಾಘವಯ್ಯನವರು ರಜೆಯಲ್ಲಿದ್ದರು, ನನಗೆ ಅವಸರ. ಡಿಸ್ಕನ್ನು ಪೂರ್ತಿ ಒರೆಸಿ ಹೊಸದಾಗಿ ಎಲ್ಲವನ್ನೂ ಹಾಕಿದೆ. ಮಧ್ಯಾಹ್ನದ ಊಟದ ಹೊತ್ತಿಗೆ ಸರ್ವರು ಥಳಥಳ ಎನ್ನುತ್ತಿತ್ತು. ಅವತ್ತು ಶೇಂಗಾ ಚಟ್ನಿಯ ಜೊತೆ ಎರಡು ಮುದ್ದೆ ಉಂಡದ್ದು ನೆನಪಿದೆ. ಅಷ್ಟು ನೆಮ್ಮದಿಯಾಗಿತ್ತು.

ಬೋರಣ್ಣ ಆ ವರ್ಷವೇ ತೀರಿಕೊಂಡರು. ಸುದ್ದಿ ಟೀ ಅಂಗಡಿಯಲ್ಲಿ ಸಿಕ್ಕಿತು. ನಾನು ಹೋಗಲಿಲ್ಲ. ಕೆಲಸ ಇತ್ತು ಎಂದು ಹೇಳಿಕೊಳ್ಳಬಹುದು, ನಿಜವಾಗಿ ಹೋಗಬೇಕೆಂದು ಅನಿಸಲಿಲ್ಲ.

ನನ್ನ ನಿವೃತ್ತಿಗೆ ಮೂರು ತಿಂಗಳಿದ್ದಾಗ ಹೊಸ ಸರ್ವರುಗಳು ಬಂದವು, ಹಳೆಯ ಎರಡನೆಯ ಲಾಗಿನ್ ಸರ್ವರನ್ನು ತೆಗೆದುಹಾಕಬೇಕಾಯಿತು. ಕಳಿಸುವ ಮೊದಲು ಸ್ಟೋರೇಜನ್ನು ಅದರಿಂದ ಬಿಡಿಸಬೇಕು, ಅಂದರೆ ಚಾಪೆ ಎತ್ತಬೇಕು. ಎತ್ತಿದೆ. ಅಡಿಯ ‘ಡೇಟಾ’ ಫೋಲ್ಡರು ಖಾಲಿ ಇರಬೇಕಿತ್ತು. ಅದರೊಳಗೆ ಒಂದು ಫೋಲ್ಡರಿತ್ತು, ಮಂಜುಳಾಳ ಹೆಸರಿನದು. ಅದರೊಳಗೆ ಒಂದೇ ಒಂದು ಚಿಕ್ಕ ಧ್ವನಿ ಕಡತ. ಅದರ ದಿನಾಂಕ ನೋಡಿ, ಹಳೆಯ ರಿಜಿಸ್ಟರು ತೆಗೆದೆ. ಕರೆಂಟು ಹೋಗಿ ಬಂದ ಅದೇ ಬೆಳಗ್ಗೆ, ಒಂಬತ್ತು ದಾಟಿ ಕೆಲವು ನಿಮಿಷ.

ಕುರ್ಚಿಯಲ್ಲಿ ಕೂತೆ. ಎಲ್ಲವೂ ಒಂದೊಂದಾಗಿ ಅರ್ಥವಾಯಿತು. ಅವಳು ಮೊದಲು ಒಂದು ಚಿಕ್ಕದನ್ನು ಹಾಕಿ ನೋಡಿದ್ದಾಳೆ. ಅದು ಎರಡನೆಯ ಸರ್ವರಿಗೆ ಬಿದ್ದಿದೆ. ಆಮೇಲೆ ಸಂಪರ್ಕ ತಪ್ಪಿ ಮತ್ತೆ ಬಂದಿದ್ದಾಳೆ, ಸರದಿಯಂತೆ ಒಂದನೆಯದಕ್ಕೆ ಹೋಗಿದ್ದಾಳೆ, ಅಲ್ಲಿ ನಲವತ್ತನ್ನೂ ಹಾಕಿದ್ದಾಳೆ. ಸ್ಟೋರೇಜು ಇನ್ನೂ ಕೂತಿರಲಿಲ್ಲವಾದ್ದರಿಂದ ಎಲ್ಲವೂ ಖಾಲಿ ಫೋಲ್ಡರಿನೊಳಕ್ಕೆ, ಆಯಾ ಸರ್ವರಿನ ಸ್ವಂತ ಡಿಸ್ಕಿಗೇ ಇಳಿದಿವೆ. ಬೀಗ ತೆಗೆದಿಟ್ಟವನು ನಾನು. ಹತ್ತು ಗಂಟೆಗೆ ಬಂದು ಮೇಲೆ ಚಾಪೆ ಹಾಸಿದವನೂ ನಾನು. ಒಂದನೆಯ ಡಿಸ್ಕಿನ ಕಾಣದ ಅರ್ಧ ತುಂಬ ಬೋರಣ್ಣನ ಮಾತಿತ್ತು. ಎರಡು ತಿಂಗಳು ಅದು ನನ್ನ ಕೈಯಳತೆಯಲ್ಲೇ ಇತ್ತು. ಅದನ್ನು ಒರೆಸಿ ಮುದ್ದೆ ಉಂಡೆ.

ರಾಘವಯ್ಯನವರಿಗೆ ಹೇಳಿದೆ. “ಮೂರು ತಿಂಗಳೈತೆ ನಿಂಗೆ. ಆ ಹುಡುಗಿ ಈಗ ಚಳ್ಳಕೆರೆ ಕಾಲೇಜಿನಾಗೆ ಪಾಠ ಮಾಡ್ಕೊಂಡು ಚೆನ್ನಾಗೇ ಐತೆ. ಯಾಕಯ್ಯಾ ಕೆದಕ್ತೀಯಾ?” ಎಂದರು. ನನ್ನ ಮೇಲಿನ ಕಾಳಜಿಯಿಂದಲೇ ಹೇಳಿದರು.

“ಸಾರ್, ಆ ಹಾಳೆ ಇನ್ನೂ ಅವಳು ಅಳಿಸಿದಳು ಅಂತಾನೇ ಹೇಳ್ತೈತೆ.”

ನಾನು ಹಳೆಯ ರಿಜಿಸ್ಟರಿನ ಅದೇ ಪುಟ ತೆಗೆದು, ‘ಇಲ್ಲ’ ಎಂಬುದರ ಮೇಲೆ ಗೆರೆ ಎಳೆದು, ‘ಕಾಣಲಿಲ್ಲ’ ಎಂದು ಬರೆದೆ. ಅದರ ಕೆಳಗೆ, ಕಡತಗಳು ಎಲ್ಲಿದ್ದವು, ಅವನ್ನು ಯಾರು ಅಳಿಸಿದರು, ಎಂದು ನನ್ನ ಹೆಸರು ಸಮೇತ ಬರೆದೆ. ರಾಘವಯ್ಯನವರು ಕನ್ನಡಕ ಒರೆಸಿಕೊಂಡು ಅದಕ್ಕೂ ಸಹಿ ಮಾಡಿದರು. ಅದರ ಒಂದು ಪ್ರತಿ ಅವಳ ಮಾರ್ಗದರ್ಶಕರಿಗೆ ಮತ್ತೆ ಹೋಯಿತು. ಅಲ್ಲಿಂದ ಉತ್ತರ ಬರಲಿಲ್ಲ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಹಾಗೆ, ಉಳಿದ ಮೂರು ತಿಂಗಳು ನಾನು ಮಾಡಿದ್ದು ಒಂದೇ ಕೆಲಸ. ಎಲ್ಲ ಸರ್ವರುಗಳ ಖಾಲಿ ಫೋಲ್ಡರಿಗೂ ಮತ್ತೆ ಬೀಗ ಹಾಕಿದೆ. ಸ್ಟೋರೇಜು ಕೂರದೆ ಯಾರನ್ನೂ ಒಳಗೆ ಬಿಡದಂತೆ ಲಾಗಿನ್ನನ್ನು ಹೊಂದಿಸಿದೆ. ಸ್ಟೋರೇಜಿನೊಳಗೆ ಒಂದು ಗುರುತಿನ ಕಡತ ಇಟ್ಟು, ಅದು ಕಂಡರೆ ಮಾತ್ರ ಕೆಲಸ ಶುರುಮಾಡು ಎಂದು ಪ್ರತಿಯೊಂದು ಸರ್ವರಿಗೂ ಕಲಿಸಿದೆ. ಈಗ ನೀವು ಬಳಸುತ್ತಿರುವ ಏರ್ಪಾಡು ಅದೇ. ‘ಅನುಮತಿ ಇಲ್ಲ’ ಎಂದು ಬಂದಾಗ ಜನ ನಿಮ್ಮನ್ನು ಬೈಯುತ್ತಾರೆ. ಬೈಸಿಕೊಳ್ಳಿ.

ಮಂಜುಳಾಳನ್ನು ನೋಡಲು ಒಂದು ಶನಿವಾರ ಚಳ್ಳಕೆರೆಗೆ ಹೋದೆ. ಕಾಲೇಜು ಬಿಟ್ಟ ಮೇಲೆ ಖಾಲಿ ತರಗತಿಯಲ್ಲಿ ಕೂತೆವು. ಏನೆಂದು ಶುರುಮಾಡಬೇಕೆಂದು ಬಸ್ಸಿನಲ್ಲಿ ಹೊಂದಿಸಿಕೊಂಡಿದ್ದೆಲ್ಲ ಮರೆತುಹೋಯಿತು. ನಡೆದದ್ದನ್ನು ನಡೆದ ಹಾಗೆಯೇ ಹೇಳಿದೆ. ಒರೆಸಿದ್ದನ್ನು ಹೇಳುವಾಗ ಅವಳು ಬೆಂಚಿನ ಅಂಚನ್ನು ಹಿಡಿದುಕೊಂಡಳು. ಬೈಯಲಿ ಎಂದು ಕಾದೆ. ಬೈಯಲಿಲ್ಲ.

“ಎಷ್ಟು ವರ್ಷ ಸಾರ್, ನಾನೇ ಅಳಿಸಿದ್ನೇನೋ ಅಂತ ಅನ್ಕೊಂಡಿದ್ದೆ” ಎಂದಳು. “ನೀವು ಅಷ್ಟು ಗಟ್ಟಿಯಾಗಿ ಹೇಳಿದ್ರಲ್ಲ. ನನ್ನ ಕೈ ಮೇಲೆ ನಂಗೇ ನಂಬಿಕೆ ಹೋಗಿತ್ತು. ಅಪ್ಪನ ಮುಂದೆ ಕೂತಾಗಲೂ ಅದೇ. ಅವ್ರಿಗೆ ಹೇಳಾಕೆ ನಂಗಾಗ್ಲಿಲ್ಲ, ಕೇಳಾಕೆ ಅವ್ರಿಗೆ ಬಾಯಿರ್ಲಿಲ್ಲ.”

ಕ್ಷಮಿಸು ಎನ್ನಲು ಬಾಯಿ ಬರಲಿಲ್ಲ. ನನ್ನ ವಯಸ್ಸಿನವರು ಆ ಮಾತನ್ನು ಚಿಕ್ಕವರಿಗೆ ಹೇಳಿ ರೂಢಿಯಿಲ್ಲ. ಆದರೂ ಹೇಳಿದೆ: “ತಪ್ಪಾಯ್ತವ್ವಾ.” ಅವಳು ಕಿಟಕಿಯ ಕಡೆ ನೋಡುತ್ತಿದ್ದಳು.

“ಆ ಒಂದು ಐತಲ್ಲ ಸಾರ್, ತಂದಿದ್ದೀರಾ?”

ತಂದಿದ್ದೆ. ಫೋನಿನಲ್ಲಿ ಹಾಕಿದೆ. ಅರ್ಧ ನಿಮಿಷವೂ ಇಲ್ಲದ ಮುದ್ರಣ, ರೆಕಾರ್ಡರು ಕೆಲಸ ಮಾಡುತ್ತದೋ ಇಲ್ಲವೋ ಎಂದು ಮೊದಲ ದಿನ ಪರೀಕ್ಷೆಗೆ ಮಾಡಿದ್ದು. ಮೊದಲು ಬಯಲಿನ ಗಾಳಿ. ದೂರದಲ್ಲಿ ಒಂದು ಕೊರಳಗಂಟೆ. ಆಮೇಲೆ ಬೋರಣ್ಣ, ನಾನು ಗೇಟಿನಾಚೆ ಕೇಳಿದ್ದ ಅದೇ ಗಂಟಲು: “ಆನ್ ಆಯ್ತೇನವ್ವಾ? ಇದ್ರಾಗೆ ನಾನು ಹೇಳಿದ್ದೆಲ್ಲ ಉಳೀತೈತಾ?”

“ಉಳೀತೈತಪ್ಪ.”

“ಅಂಗಾರೆ ಹೇಳ್ಲಾ?”

“ಹೇಳಪ್ಪ.”

ಅಲ್ಲಿಗೆ ಮುಗಿಯುತ್ತದೆ. ಮಂಜುಳಾ ಇನ್ನೊಮ್ಮೆ ಹಾಕಿಸಿಕೊಂಡಳು, ಮತ್ತೊಮ್ಮೆ ಹಾಕಿಸಿಕೊಂಡಳು. ಆ ‘ಹೇಳಪ್ಪ’ ಆದ ಮೇಲೆ ಬೋರಣ್ಣ ಹೇಳಿದ್ದೆಲ್ಲ ಒಂದನೆಯ ಸರ್ವರಿನಲ್ಲಿತ್ತು. ಅದನ್ನು ನಾನು ‘ಕಾಣ್ತಿಲ್ಲ’ ಎನ್ನಲಾರೆ. ಅದು ಇಲ್ಲ.